ಥೀಮ್ ಪಾರ್ಕ್‌ಗಳ ರಿಯಾಯಿತಿ ಯಾರ ಪಾಲಿಗೆ? ಕೊಡಗಿನಿಂದೊಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದ ಥೀಮ್ ಪಾರ್ಕ್ ಹಾಗೂ ವಾಟರ್ ಪಾರ್ಕ್‌ಗಳ ಆಡಳಿತ ಮಂಡಳಿಗಳವರು,
ಮತ್ತು ಪ್ರವಾಸೋದ್ಯಮ ಇಲಾಖೆ ಹಾಗೂ ಶಾಲಾ ಶಿಕ್ಷಣ ಇಲಾಖೆಯ ಮಾನ್ಯ ಅಧಿಕಾರಿಗಳು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಪ್ರವೇಶ ದರದ ರಿಯಾಯಿತಿಗಳು ಸಣ್ಣ ಗ್ರಾಮೀಣ ಶಾಲೆಗಳಿಗೂ ತೋಟದ ಕೆಲಸಗಾರರ ಕುಟುಂಬಗಳಿಗೂ ಎಟುಕುವಂತೆ ಷರತ್ತುಗಳನ್ನು ಬದಲಿಸುವ ಕುರಿತು.

ಮಾನ್ಯರೇ,

ನಾನು ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ. ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷನೂ ಹೌದು. ಮಕ್ಕಳ ಶೈಕ್ಷಣಿಕ ಪ್ರವಾಸಕ್ಕೆ ಹಣ ಹೊಂದಿಸುವುದು, ಬಸ್ಸು ಗೊತ್ತುಮಾಡುವುದು, ಪೋಷಕರ ಒಪ್ಪಿಗೆ ಪತ್ರ ಸಂಗ್ರಹಿಸುವುದು ಮುಂತಾದ ಕೆಲಸಗಳಲ್ಲಿ ಮುಖ್ಯ ಶಿಕ್ಷಕರ ಜೊತೆ ನಾನೂ ಹೆಗಲು ಕೊಡುತ್ತೇನೆ. ಆ ಕೆಲಸದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ತಮ್ಮ ಮುಂದಿಡಲು, ಮತ್ತು ತಮ್ಮ ಪಾರ್ಕ್‌ಗಳಿಗೆ ಬರುವವರ ಸಂಖ್ಯೆಯ ಏರಿಳಿತಕ್ಕೂ ನಮ್ಮ ಮಕ್ಕಳಿಗೆ ಸಿಗದೇ ಹೋದ ರಿಯಾಯಿತಿಗೂ ಇರುವ ಸಂಬಂಧವನ್ನು ನನಗೆ ತಿಳಿದ ಮಟ್ಟಿಗೆ ವಿವರಿಸಲು ಈ ಪತ್ರ ಬರೆಯುತ್ತಿದ್ದೇನೆ. ಯಾವ ಸಂಸ್ಥೆಯ ಹೆಸರನ್ನೂ ಕೆಡಿಸುವುದು ನನ್ನ ಉದ್ದೇಶವಲ್ಲವಾದ್ದರಿಂದ ನಾವು ಹೋಗಿದ್ದ ಪಾರ್ಕಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ನಡೆದ ಸಂಗತಿ. ನಮ್ಮ ಶಾಲೆಯಿಂದ ಪ್ರವಾಸಕ್ಕೆ ಹೆಸರು ಕೊಟ್ಟವರು 23 ಮಕ್ಕಳು. ಇಷ್ಟು ಮಂದಿಗೆ ಒಂದು ಸರ್ಕಾರಿ ಬಸ್ಸನ್ನು ಗೊತ್ತುಮಾಡಿದರೆ ತಲಾ ಖರ್ಚು ಕೈಮೀರುತ್ತದೆ. ಹಾಗಾಗಿ ಪಕ್ಕದ ಊರಿನ ಶಾಲೆಯ 19 ಮಕ್ಕಳನ್ನೂ ಸೇರಿಸಿಕೊಂಡು, ಎರಡೂ ಶಾಲೆಗಳ ಶಿಕ್ಷಕರು ಜೊತೆಯಾಗಿ ಒಂದೇ ಬಸ್ಸಿನಲ್ಲಿ ಹೊರಡುವುದೆಂದು ತೀರ್ಮಾನಿಸಿದೆವು. ಕೊಡಗಿನ ಒಳಗಿನ ಊರುಗಳಲ್ಲಿ ಇದು ಹೊಸದೇನಲ್ಲ. ಮಕ್ಕಳ ಸಂಖ್ಯೆ ಕಡಿಮೆಯಾಗಿ ಮುಚ್ಚುವ ಭಯದಲ್ಲಿರುವ ಶಾಲೆಗಳು ಪ್ರವಾಸ, ಕ್ರೀಡೆ, ಪ್ರತಿಭಾ ಕಾರಂಜಿ ಎಲ್ಲದರಲ್ಲೂ ಒಂದನ್ನೊಂದು ಆತುಕೊಂಡೇ ನಡೆಯುತ್ತಿವೆ. ಪಾರ್ಕಿನ ಮಾರಾಟ ವಿಭಾಗದವರು ಫೋನಿನಲ್ಲಿ ಮಾತನಾಡಿ, ಶಾಲಾ ಗುಂಪಿನಲ್ಲಿ ಕನಿಷ್ಠ 30 ಮಕ್ಕಳಿದ್ದರೆ ವಿಶೇಷ ದರ ಸಿಗುವುದೆಂದೂ, ಮುಖ್ಯ ಶಿಕ್ಷಕರ ಪತ್ರ ತಂದರೆ ಸಾಕೆಂದೂ ತಿಳಿಸಿದ್ದರು. ನಾವು 42 ಮಕ್ಕಳ ಲೆಕ್ಕ ಹಾಕಿ ಪೋಷಕರಿಂದ ಹಣ ಪಡೆದೆವು.

ನವೆಂಬರಿನಲ್ಲಿ ಹೊರಡಬೇಕಿತ್ತು. ಆ ವಾರ ವಾಯುಭಾರ ಕುಸಿತದಿಂದ ಬಿಡದೆ ಮಳೆ ಸುರಿಯಿತು. ಶಾಲೆಗಳಿಗೆ ರಜೆ ಕೊಟ್ಟರು. ಪ್ರವಾಸವನ್ನು ಡಿಸೆಂಬರಿನ ಕೊನೆಯ ವಾರಕ್ಕೆ ತಳ್ಳದೆ ಬೇರೆ ದಾರಿ ಇರಲಿಲ್ಲ. ಹೊಸ ದಿನಾಂಕದಂದು ನಸುಕಿಗೆ ಮುಂಚೆ ಹೊರಟು ಟಿಕೆಟ್ ಕೌಂಟರ್ ತಲುಪಿದಾಗ ತಿಳಿದದ್ದು ಎರಡು ವಿಷಯ. ಅದು ಸೀಸನ್ ವಾರವಾದ್ದರಿಂದ ಫೋನಿನಲ್ಲಿ ಹೇಳಿದ ದರ ಅನ್ವಯಿಸುವುದಿಲ್ಲ ಎಂಬುದು ಒಂದು. ಪತ್ರಗಳು ಎರಡು ಶಾಲೆಗಳವಾದ್ದರಿಂದ ನಾವು ಎರಡು ಗುಂಪು, ಎರಡರಲ್ಲೂ 30ಕ್ಕಿಂತ ಕಡಿಮೆ ಮಕ್ಕಳು, ಆದ್ದರಿಂದ ಸೀಸನ್ನಿನ ಶಾಲಾ ರಿಯಾಯಿತಿಯೂ ಇಲ್ಲ ಎಂಬುದು ಇನ್ನೊಂದು. ಕೌಂಟರಿನ ಹುಡುಗ ಒಳ್ಳೆಯವನೇ. “ಸರ್, ನಾನು ಕೊಡೋಣ ಅಂದ್ರೂ ಸಿಸ್ಟಮ್ ತಗೊಳ್ಳಲ್ಲ” ಎಂದ. ಮೇಲಿನವರಿಗೆ ಫೋನ್ ಮಾಡಿದ. ಅವರೂ ಅದನ್ನೇ ಹೇಳಿದರು. ಇಷ್ಟು ಸಾಲದೆಂಬಂತೆ ಏಳನೇ ತರಗತಿಯ ಕೆಲವು ಮಕ್ಕಳನ್ನು ಗೋಡೆಗೆ ಬರೆದ ಗೆರೆಯ ಪಕ್ಕ ನಿಲ್ಲಿಸಿ ಎತ್ತರ ಅಳೆದು, ಅವರಿಗೆ ದೊಡ್ಡವರ ಟಿಕೆಟ್ ಪಡೆಯಬೇಕೆಂದರು. ಆಟಗಳಲ್ಲಿ ಸುರಕ್ಷತೆಗಾಗಿ ಎತ್ತರ ನೋಡುವುದು ಸರಿ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಹನ್ನೆರಡು ಹದಿಮೂರು ವರ್ಷದ, ಶಾಲಾ ಸಮವಸ್ತ್ರದಲ್ಲಿರುವ ಹುಡುಗಿಯೊಬ್ಬಳು ತನ್ನ ಸಹಪಾಠಿಗಿಂತ ಎರಡು ಬೆರಳು ಉದ್ದವಾಗಿದ್ದಾಳೆಂಬ ಕಾರಣಕ್ಕೆ ಅವಳ ಅಪ್ಪ ಹೆಚ್ಚು ಹಣ ತೆರಬೇಕೆನ್ನುವುದಕ್ಕೆ ಏನು ಅರ್ಥ?

ಕೊರತೆ ಬಿದ್ದ ಹಣವನ್ನು ಇಬ್ಬರು ಮೇಷ್ಟ್ರುಗಳು ಮತ್ತು ನಾನು ಹಂಚಿಕೊಂಡೆವು. ಮಕ್ಕಳನ್ನು ಬಾಗಿಲ ತನಕ ಕರೆತಂದು ವಾಪಸು ಕರೆದೊಯ್ಯಲು ಯಾರಿಗೂ ಮನಸ್ಸು ಬರುವುದಿಲ್ಲ, ಮತ್ತು ಇದು ತಮ್ಮ ವ್ಯವಸ್ಥೆಗೂ ಚೆನ್ನಾಗಿಯೇ ತಿಳಿದಿದೆ ಎಂಬುದು ಆ ಹೊತ್ತು ನನ್ನ ಮನಸ್ಸಿಗೆ ಬಂದ ಕಹಿ ಮಾತು.

ಇನ್ನು ತಮ್ಮ ಕಡೆಯ ಲೆಕ್ಕಕ್ಕೆ ಬರುತ್ತೇನೆ. ಬರುವವರ ಸಂಖ್ಯೆಯ ಮೇಲೆಯೇ ನಿಂತಿರುವ ವ್ಯವಹಾರದ ಕಷ್ಟ ಕೊಡಗಿನವರಾದ ನಮಗೆ ಗೊತ್ತಿಲ್ಲದ್ದಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಇಲ್ಲಿನ ಹೋಂಸ್ಟೇಗಳು ತಿಂಗಳುಗಟ್ಟಲೆ ಬಿಕೋ ಎಂದವು. 2020ರಲ್ಲಿ ಕೋವಿಡ್ ಬಂದು ಮತ್ತೆ ಬಾಗಿಲು ಹಾಕಿಸಿತು. ಖಾಲಿ ಕೋಣೆಗೂ ಕರೆಂಟು ಬಿಲ್ಲು, ಸಾಲದ ಕಂತು, ಕೆಲಸದವರ ಸಂಬಳ ತಪ್ಪುವುದಿಲ್ಲ ಎಂಬುದನ್ನು ಆಗ ಎಲ್ಲರೂ ಕಲಿತರು. ವಾರಾಂತ್ಯಕ್ಕೊಂದು ದರ, ವಾರದ ನಡುವೆ ಒಂದು ದರ ಎಂಬ ಪದ್ಧತಿ ನಮ್ಮಲ್ಲೂ ಇದೆ. ಆದ್ದರಿಂದ ರಿಯಾಯಿತಿ ಎಂದರೆ ದಾನವೆಂದು ತಿಳಿದು ನಾನು ಕೈಚಾಚುತ್ತಿಲ್ಲ. ಅದು ಖಾಲಿ ದಿನವನ್ನು ತುಂಬಿಸಿಕೊಳ್ಳುವ ಉಪಾಯ. ಆ ಉಪಾಯ ಸರಿಯಾದ ಜನರನ್ನು ತಲುಪುತ್ತಿದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

1984ರಲ್ಲಿ ದೆಹಲಿಯಲ್ಲಿ ಅಪ್ಪು ಘರ್ ತೆರೆದಾಗ ಇಂತಹ ಪಾರ್ಕ್ ದೇಶಕ್ಕೇ ಹೊಸದಾಗಿತ್ತು. ನಮ್ಮ ರಾಜ್ಯದಲ್ಲಿ 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ಶುರುವಾದ ಮೇಲೆ ಥೀಮ್ ಪಾರ್ಕ್ ಎಂಬುದು ಮಕ್ಕಳ ಬಾಯಲ್ಲಿ ದಿನವೂ ಓಡಾಡುವ ಮಾತಾಯಿತು. ಷೇರು ಮಾರುಕಟ್ಟೆಯಲ್ಲಿರುವ ಕಂಪನಿಯಾದ್ದರಿಂದ ಅದರ ಲೆಕ್ಕಪತ್ರವನ್ನು ಯಾರು ಬೇಕಾದರೂ ಓದಬಹುದು. ಕೋವಿಡ್ ಕಳೆದ ಮೇಲೆ, 2022-23ರಲ್ಲಿ, ಅದರ ಎಲ್ಲ ಪಾರ್ಕ್‌ಗಳಿಗೂ ಸೇರಿ ಸುಮಾರು 33 ಲಕ್ಷ ಜನ ಬಂದಿದ್ದರು. ಮರುವರ್ಷ ಈ ಸಂಖ್ಯೆ ಏರಲಿಲ್ಲ, ತುಸು ಇಳಿಯಿತು. ಆದಾಯ ಮಾತ್ರ ಏರಿತು. ಅಂದರೆ ಬಂದವರ ಸಂಖ್ಯೆ ಕಡಿಮೆಯಾದರೂ ಬಂದವರು ತಲಾ ತೆತ್ತ ಹಣ ಹೆಚ್ಚಾಯಿತು. ಕಂಪನಿಯ ದೃಷ್ಟಿಯಿಂದ ಇದು ಒಳ್ಳೆಯ ವರ್ಷವೇ. ಆದರೆ ಟಿಕೆಟ್ ದರವನ್ನು ಏರಿಸುತ್ತಾ ಹೋದರೆ ಕೊನೆಗೆ ಯಾರು ಹೊರಗುಳಿಯುತ್ತಾರೆ ಎಂಬುದು ಲೆಕ್ಕಪತ್ರದಲ್ಲಿ ಕಾಣುವುದಿಲ್ಲ.

ಜನ ಬಂದೇ ಬರುತ್ತಾರೆಂದು ನೆಚ್ಚಿ ಕುಳಿತರೆ ಏನಾಗುತ್ತದೆ ಎಂಬುದಕ್ಕೂ ದೇಶದಲ್ಲೇ ಉದಾಹರಣೆ ಇದೆ. ಮುಂಬೈ ಮತ್ತು ಪುಣೆಯ ನಡುವೆ ಖೋಪೋಲಿಯಲ್ಲಿ 2013ರಲ್ಲಿ ದೊಡ್ಡ ಬಂಡವಾಳದೊಡನೆ ತೆರೆದ ಇಮ್ಯಾಜಿಕಾ ಪಾರ್ಕಿಗೆ ನಿರೀಕ್ಷಿಸಿದಷ್ಟು ಜನ ಬಾರದೆ, ಸಾಲದ ಹೊರೆ ತಾಳಲಾರದೆ, 2022ರಲ್ಲಿ ಅದು ಬೇರೊಂದು ಉದ್ಯಮ ಸಮೂಹದ ಕೈ ಸೇರಿತು. ಆಟದ ಯಂತ್ರಗಳನ್ನು ವಿದೇಶದಿಂದ ತರಿಸಿ ಕೂರಿಸಬಹುದು. ಜುಲೈ ತಿಂಗಳ ಮಂಗಳವಾರದಂದು ಅವುಗಳ ಮೇಲೆ ಕೂರುವ ಜನರನ್ನು ತರಿಸಲಾಗುವುದಿಲ್ಲ.

ಜಗತ್ತಿನಲ್ಲಿ ಅತಿ ಹೆಚ್ಚು ಜನ ಹೋಗುವ ಪಾರ್ಕ್ ಎನಿಸಿದ ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ಗೆ 2019ರಲ್ಲಿ ಎರಡು ಕೋಟಿಗೂ ಹೆಚ್ಚು ಜನ ಹೋಗಿದ್ದರೆಂದು ಆ ಉದ್ಯಮದವರೇ ಪ್ರಕಟಿಸುವ ಅಂದಾಜು ಹೇಳುತ್ತದೆ. 2023ರಲ್ಲಿ ಆ ಸಂಖ್ಯೆ ಸುಮಾರು 1.77 ಕೋಟಿ. ಅದೇ ಡಿಸ್ನಿ ಕಂಪನಿ 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ತನ್ನ ಮೊದಲ ಪಾರ್ಕಿನಲ್ಲಿ 2016ರಿಂದ ದಿನಕ್ಕೊಂದು ದರದ ಪದ್ಧತಿಯನ್ನು ತಂದಿತು. ಜನ ಕಡಿಮೆ ಇರುವ ದಿನ ಅಗ್ಗ, ಹೆಚ್ಚಿರುವ ದಿನ ದುಬಾರಿ. ತಾವೂ ಇದನ್ನೇ ಅನುಸರಿಸುತ್ತಿದ್ದೀರಿ. ಆದರೆ ಅರ್ಧವನ್ನು ಮಾತ್ರ ತೆಗೆದುಕೊಂಡಿದ್ದೀರಿ ಎಂಬುದು ನನ್ನ ದೂರು. ಅದೇ ಪಾರ್ಕ್ ಸುತ್ತಮುತ್ತಲ ಜಿಲ್ಲೆಗಳ ನಿವಾಸಿಗಳಿಗೆ ವಿಳಾಸದ ಆಧಾರದ ಮೇಲೆ ಆಗಾಗ ಪ್ರತ್ಯೇಕ ರಿಯಾಯಿತಿ ಕೊಡುತ್ತದೆ. 2024ರ ಆರಂಭದ ತಿಂಗಳುಗಳಲ್ಲಿ ಮೂರರಿಂದ ಒಂಬತ್ತು ವರ್ಷದ ಮಕ್ಕಳಿಗೆ ದಿನಕ್ಕೆ 50 ಡಾಲರ್ ಎಂಬ ಒಂದೇ ದರ ಇಟ್ಟಿತ್ತು. ಕ್ರಿಸ್‌ಮಸ್ ಕಳೆದು ಜನ ತೆಳುವಾಗುವ ಕಾಲವದು. ಅಮೆರಿಕದ ಶ್ರೀಮಂತಿಕೆಯನ್ನು ಇಲ್ಲಿಗೆ ಹೋಲಿಸುತ್ತಿಲ್ಲ. ಖಾಲಿ ದಿನಕ್ಕೆ ಮಕ್ಕಳನ್ನು ಕರೆಯಬೇಕಾದರೆ ದರ ಸರಳವಾಗಿರಬೇಕು, ಷರತ್ತು ಕಡಿಮೆಯಿರಬೇಕು ಎಂಬ ವ್ಯಾಪಾರದ ಬುದ್ಧಿಯನ್ನಷ್ಟೇ ತೋರಿಸುತ್ತಿದ್ದೇನೆ.

ತಮ್ಮ ಖರ್ಚಿನ ಸ್ವರೂಪವೇ ಈ ಮಾತನ್ನು ಹೇಳುತ್ತದೆ. ರೋಲರ್ ಕೋಸ್ಟರ್ ಒಂದನ್ನು ಬೆಳಿಗ್ಗೆ ಪರೀಕ್ಷಿಸಿ ಚಾಲೂ ಮಾಡಿದ ಮೇಲೆ ಅದರಲ್ಲಿ ನಾಲ್ಕು ಜನ ಕುಳಿತರೂ ಇಪ್ಪತ್ತು ಜನ ಕುಳಿತರೂ ಆಪರೇಟರ್‌ನ ಸಂಬಳ, ತಪಾಸಣೆಯ ಖರ್ಚು ಒಂದೇ. ವಿದ್ಯುತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಲೆಯ ಕೊಳದ ನೀರನ್ನು ಶುದ್ಧೀಕರಿಸಲೇಬೇಕು, ಜೀವರಕ್ಷಕರು ನಿಂತಿರಲೇಬೇಕು. ಆದ್ದರಿಂದ ಜನವಿಲ್ಲದ ದಿನ ಹೆಚ್ಚುವರಿಯಾಗಿ ಬಂದ ಪ್ರತಿಯೊಬ್ಬನೂ ಅರ್ಧ ದರ ಕೊಟ್ಟರೂ ಅದರ ಬಹುಪಾಲು ತಮಗೆ ಉಳಿತಾಯವೇ. ಒಳಗೆ ಬಂದವನು ಊಟಕ್ಕೆ, ಲಾಕರ್‌ಗೆ, ಈಜುಡುಗೆಗೆ, ಫೋಟೋಗೆ ಬೇರೆ ಹಣ ಕೊಡುತ್ತಾನೆ. ಹೀಗಿರುವಾಗ ರಿಯಾಯಿತಿ ಕೊಡಬೇಕಾದದ್ದು ಅದಿಲ್ಲದಿದ್ದರೆ ಬರಲು ಸಾಧ್ಯವೇ ಇಲ್ಲದವರಿಗೆ. ಹೇಗಿದ್ದರೂ ಬರುವವರಿಗೆ ಕೊಟ್ಟರೆ ಅದು ತಮಗೆ ನಷ್ಟ.

ಆದರೆ ಈಗ ಕೊಡುತ್ತಿರುವುದು ಯಾರಿಗೆ? ಇಂತಿಂಥ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದವರಿಗೆ, ಆ್ಯಪ್‌ನಲ್ಲಿ ದಿನಗಳ ಮೊದಲೇ ಹಣ ಕಟ್ಟಿ ಕಾಯ್ದಿರಿಸಿದವರಿಗೆ, ಕಾಲೇಜಿನ ಗುರುತಿನ ಚೀಟಿ ಇದ್ದವರಿಗೆ, ಕಂಪನಿಯ ನೌಕರರನ್ನು ಒಟ್ಟಿಗೆ ಕರೆತರುವ ದೊಡ್ಡ ಸಂಸ್ಥೆಗಳಿಗೆ, ನೂರಾರು ಮಕ್ಕಳಿರುವ ನಗರದ ಖಾಸಗಿ ಶಾಲೆಗಳಿಗೆ. ಇವರಲ್ಲಿ ಹೆಚ್ಚಿನವರು ರಿಯಾಯಿತಿ ಇಲ್ಲದಿದ್ದರೂ ಬರುವವರೇ. ತೋಟದ ಲೈನ್‌ಮನೆಯಲ್ಲಿರುವ ಕೆಲಸಗಾರನಿಗೆ ಕ್ರೆಡಿಟ್ ಕಾರ್ಡ್ ಇಲ್ಲ. ಅವನ ಫೋನಿನಲ್ಲಿ ಯುಪಿಐ ಇದ್ದರೂ, ಮಳೆಯೋ ಆನೆಯೋ ದಾರಿಗೆ ಅಡ್ಡ ಬಂದರೆ ವಾಪಸು ಬರದ ಹಣವನ್ನು ಹದಿನೈದು ದಿನ ಮೊದಲೇ ಕಟ್ಟಲು ಅವನಿಗೆ ಧೈರ್ಯವಿಲ್ಲ. ಆನೆಯ ಮಾತನ್ನು ತಮಾಷೆಗೆ ಬರೆದಿಲ್ಲ. ನಸುಕಿನಲ್ಲಿ ಮಕ್ಕಳನ್ನು ರಸ್ತೆಯ ತನಕ ಕರೆತರುವುದೇ ನಮ್ಮಲ್ಲಿ ಒಂದು ಪ್ರವಾಸ.

ಕೊಡಗಿನ ವರ್ಷದ ಲೆಕ್ಕವನ್ನೂ ದಯವಿಟ್ಟು ಗಮನಿಸಬೇಕು. ತಮ್ಮ ಪಾರ್ಕ್‌ಗಳಲ್ಲಿ ಜನ ಕಡಿಮೆ ಇರುವುದು ಜುಲೈನಿಂದ ಸೆಪ್ಟೆಂಬರ್ ತನಕ; ಮಳೆಗಾಲದ ಆಫರ್‌ಗಳು ಬರುವುದೂ ಆಗಲೇ. ಆ ಮೂರು ತಿಂಗಳು ನಮ್ಮಲ್ಲಿ ಮಳೆ ಹೊಡೆಯುತ್ತದೆ, ಮಕ್ಕಳಿಗೆ ಮಳೆ ರಜೆ ಸಿಗುತ್ತದೆ, ಆ ರಜೆಯನ್ನು ಸರಿದೂಗಿಸಲು ಬಿಡುವಿನ ದಿನಗಳಲ್ಲಿ ಪಾಠ ನಡೆಯುತ್ತದೆ. ಪ್ರವಾಸದ ಯೋಚನೆಯನ್ನೇ ಯಾರೂ ಮಾಡುವುದಿಲ್ಲ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದು ಮಳೆ ಹಿಂದೆ ಸರಿದ ಮೇಲೆಯೇ ಶಾಲೆಗಳಲ್ಲಿ ಪ್ರವಾಸದ ಮಾತು ಹುಟ್ಟುತ್ತದೆ. ಇತ್ತ ಶಿಕ್ಷಣ ಇಲಾಖೆ ಡಿಸೆಂಬರ್ ಮುಗಿಯುವುದರೊಳಗೆ ಪ್ರವಾಸ ಮುಗಿಸಿರಿ ಎನ್ನುತ್ತದೆ. ಅತ್ತ ನವೆಂಬರ್ ಕೊನೆಯಿಂದಲೇ ಅರೇಬಿಕಾ ಹಣ್ಣಿನ ಕೊಯ್ಲು ಶುರುವಾಗಿರುತ್ತದೆ, ನಡುವೆ ನಮ್ಮ ಸುಗ್ಗಿಯ ಹಬ್ಬ ಪುತ್ತರಿ ಬರುತ್ತದೆ. ಹೀಗೆ ಎಲ್ಲ ಕಡೆಯಿಂದ ಒತ್ತಿಕೊಂಡು ನಮ್ಮ ಪಾಲಿಗೆ ಉಳಿಯುವುದು ನವೆಂಬರಿನ ಕೆಲವು ದಿನ ಮತ್ತು ಡಿಸೆಂಬರ್ ತಿಂಗಳು. ಡಿಸೆಂಬರ್ ತಮ್ಮ ಸೀಸನ್. ಹಾಗಾಗಿ ತಾವು ಹೊರಡಿಸುವ ಆಫರ್‌ಗಳಿಗೂ ಕೊಡಗಿನ ಮಕ್ಕಳಿಗೂ ವರ್ಷದಲ್ಲಿ ಒಮ್ಮೆಯೂ ಭೇಟಿಯಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ತಮ್ಮ ಮಾರಾಟ ವಿಭಾಗದವರು ಗಮನಿಸಿದಂತೆ ಕಾಣುವುದಿಲ್ಲ. ಕೊಡಗಿನ ತೋಟಗಳಲ್ಲಿ ಕೆಲಸಗಾರರ ವಾರದ ರಜೆ ಹೆಚ್ಚಾಗಿ ಆಯಾ ಊರಿನ ಸಂತೆಯ ದಿನ. ನಮ್ಮ ಸೋಮವಾರಪೇಟೆಯ ಸಂತೆ ಸೋಮವಾರ, ಮಡಿಕೇರಿಯದು ಶುಕ್ರವಾರ. ನಗರದವರು ಶನಿವಾರ ಭಾನುವಾರ ತಮ್ಮ ಪಾರ್ಕಿಗೆ ಮುಗಿಬೀಳುವಾಗ ನಮ್ಮವರಲ್ಲಿ ಅನೇಕರು ತೋಟದಲ್ಲಿರುತ್ತಾರೆ. ತಮ್ಮಲ್ಲಿ ಜನವಿಲ್ಲದ ಸೋಮವಾರ, ಶುಕ್ರವಾರ ಇವರಿಗೆ ಬಿಡುವು. ಬೇಸಿಗೆ ರಜೆಯಲ್ಲಿ ಮಕ್ಕಳೂ ಮನೆಯಲ್ಲಿರುತ್ತಾರೆ, ಕೊಯ್ಲು ಮುಗಿದಿರುತ್ತದೆ, ಕೈಯಲ್ಲಿ ಒಂದಿಷ್ಟು ಹಣ ಓಡಾಡುವ ಕಾಲವೂ ಅದೇ. ಖಾಲಿ ದಿನವನ್ನು ತುಂಬಲು ತಾವು ಹುಡುಕುತ್ತಿರುವ ಗಿರಾಕಿ ಇವನೇ. ಆದರೆ ತಮ್ಮ ಜಾಹೀರಾತು ಇವನನ್ನು ತಲುಪುವುದಿಲ್ಲ, ಷರತ್ತು ಇವನಿಗೆ ಹೊಂದುವುದಿಲ್ಲ.

ಇವನ ದುಡ್ಡು ಎಲ್ಲಿಗೂ ಹೋಗುವುದಿಲ್ಲವೆಂದೂ ತಿಳಿಯಬೇಡಿ. ದಕ್ಷಿಣ ಕೊಡಗಿನ ಕಡೆಯವರು ಮಾಕುಟ್ಟ ಘಾಟಿ ಇಳಿದು ಇರಿಟ್ಟಿಯ ಮೇಲೆ ಕಣ್ಣೂರಿಗೆ ಹೋಗಿ ಬರುವುದು ಸಾಮಾನ್ಯ. ಅಲ್ಲಿ ಪರಶ್ಶಿನಿಕಡವಿನಲ್ಲಿ ಸಹಕಾರಿ ಸಂಘವೇ ನಡೆಸುವ ವಿಸ್ಮಯ ಎಂಬ ವಾಟರ್ ಪಾರ್ಕ್ ಇದೆ. ಮುತ್ತಪ್ಪನ ದರ್ಶನ ಮುಗಿಸಿ, ಮಕ್ಕಳನ್ನು ಅಲ್ಲಿ ನೀರಿಗಿಳಿಸಿ, ಸಮುದ್ರ ತೋರಿಸಿ ಸಂಜೆಗೆ ಹೊರಟರೆ ಅದೇ ರಾತ್ರಿ ಮನೆ ಸೇರಬಹುದು. ರೈಲು ಇಲ್ಲದ ನಮ್ಮ ಜಿಲ್ಲೆಯಿಂದ ಮೈಸೂರು ದಾಟಿ ಬೆಂಗಳೂರಿನ ಕಡೆಗೆ ಬರುವುದಕ್ಕಿಂತ ಅದು ಹತ್ತಿರ. ಕರ್ನಾಟಕದ ಉದ್ಯಮಕ್ಕೆ ಬರಬಹುದಾದ ಗಿರಾಕಿ ನೆರೆರಾಜ್ಯಕ್ಕೆ ಹೋಗುತ್ತಿದ್ದಾನೆಂದು ನಾನು ದೂರುವುದಿಲ್ಲ. ಅದು ಅವರವರ ಆಯ್ಕೆ. ಆದರೆ ಹೋಗುವ ಇಚ್ಛೆಯೂ ಹಣವೂ ಈ ಜನರಲ್ಲಿದೆ ಎಂಬುದಕ್ಕೆ ಆ ರಸ್ತೆಯೇ ಸಾಕ್ಷಿ.

ಸ್ಥಳೀಯರಿಗೆ ರಿಯಾಯಿತಿ ಕೊಡುವುದಾದರೆ ಆಧಾರ್ ವಿಳಾಸ ನೋಡಿ ಕೊಡುತ್ತೇವೆ ಎಂಬ ಮಾತನ್ನು ನಮ್ಮೊಡನೆ ಮಾತನಾಡಿದ ಒಬ್ಬರು ಹೇಳಿದರು. ಕೊಡಗಿನ ಮಟ್ಟಿಗೆ ಇದು ಕೆಲಸಕ್ಕೆ ಬಾರದು. ಇಂದು ನಮ್ಮ ಲೈನ್‌ಮನೆಗಳಲ್ಲಿ ಅಸ್ಸಾಮಿನಿಂದ, ಪಶ್ಚಿಮ ಬಂಗಾಳದಿಂದ ಬಂದ ಕುಟುಂಬಗಳು ಬೇಕಾದಷ್ಟಿವೆ. ಅವರ ಮಕ್ಕಳು ನಮ್ಮ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾರೆ, ಮತ್ತು ನಿಜ ಹೇಳಬೇಕೆಂದರೆ ಹಲವು ಶಾಲೆಗಳ ಬಾಗಿಲು ಇನ್ನೂ ತೆರೆದಿರುವುದು ಆ ಮಕ್ಕಳಿಂದಲೇ. ಅವರ ಆಧಾರ್ ಕಾರ್ಡಿನಲ್ಲಿ ಊರು ಬೇರೆ ಇರುತ್ತದೆ. ಒಂದೇ ಬೆಂಚಿನ ಮೇಲೆ ಕುಳಿತು ಓದುವ ಇಬ್ಬರಲ್ಲಿ ಒಬ್ಬನನ್ನು ಸ್ಥಳೀಯ, ಇನ್ನೊಬ್ಬನನ್ನು ಹೊರಗಿನವ ಎಂದು ಟಿಕೆಟ್ ಕೌಂಟರಿನಲ್ಲಿ ಬೇರ್ಪಡಿಸುವ ಪರಿಸ್ಥಿತಿ ಬರಬಾರದು. ಶಾಲೆಯ ದಾಖಲಾತಿ ಪಟ್ಟಿಗೆ ಮುಖ್ಯ ಶಿಕ್ಷಕರ ಸಹಿ, ಮೊಹರು ಇದ್ದರೆ ಅದನ್ನೇ ಪುರಾವೆಯೆಂದು ಒಪ್ಪಿಕೊಳ್ಳಬೇಕು.

ಸರತಿಯ ಸಾಲಿನ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಈ ಪತ್ರ ಅಪೂರ್ಣ. ಹೆಚ್ಚು ಹಣ ಕೊಟ್ಟವರನ್ನು ಬೇರೆ ಸಾಲಿನಲ್ಲಿ ಮುಂದೆ ಬಿಡುವ ಫಾಸ್ಟ್‌ಟ್ರ್ಯಾಕ್ ಪದ್ಧತಿ ಈಗ ಸಾಮಾನ್ಯವಾಗಿದೆ. ಡಿಸ್ನಿಯವರು 1999ರಲ್ಲಿ ಸಾಲು ತಪ್ಪಿಸುವ ಚೀಟಿಯನ್ನು ಉಚಿತವಾಗಿಯೇ ಶುರುಮಾಡಿದ್ದರು. 2021ರಲ್ಲಿ ಅದರ ಜಾಗಕ್ಕೆ ಹಣದ ವ್ಯವಸ್ಥೆ ತಂದರು. ಎಲ್ಲಿ ಬಂದರೂ ಇದರ ಪರಿಣಾಮ ಒಂದೇ: ಸಾಮಾನ್ಯ ಸಾಲು ನಿಧಾನವಾಗುತ್ತದೆ. ನಮ್ಮ ಮಕ್ಕಳು ದೊಡ್ಡ ಆಟಗಳಲ್ಲಿ ಎರಡನ್ನೋ ಮೂರನ್ನೋ ಆಡುವಷ್ಟರಲ್ಲಿ ಹೊರಡುವ ಹೊತ್ತಾಯಿತು. ಸಂಜೆ ಮುಚ್ಚುವ ತನಕ ಇರಲು ನಮಗೆ ಆಗುವುದಿಲ್ಲ. ರಾತ್ರಿ ತಡವಾದರೆ ಘಾಟಿ ರಸ್ತೆಯಲ್ಲಿ ಮಂಜು, ಒಳದಾರಿಯಲ್ಲಿ ಕತ್ತಲು. ಎಲ್ಲ ಆಟಗಳೂ ಸೇರಿ ಇಷ್ಟು ಎಂದು ದರ ಪಡೆಯುವಾಗ, ಆಡಲು ಸಿಗುವ ಸಮಯವೂ ಆ ದರದ ಭಾಗವೇ ಅಲ್ಲವೇ? ಜನದಟ್ಟಣೆಯ ದಿನ ಹೆಚ್ಚು ಹಣ ಕೊಟ್ಟು ಕಡಿಮೆ ಆಡುವ ಬದಲು, ದಟ್ಟಣೆ ಇಲ್ಲದ ದಿನ ನಮ್ಮನ್ನು ಕರೆಯಿರಿ ಎಂದಷ್ಟೇ ಕೇಳುತ್ತಿದ್ದೇವೆ.

ಊಟದ ವಿಷಯ ಚಿಕ್ಕದು, ಆದರೂ ಬರೆಯುತ್ತೇನೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂಬ ನಿಯಮದಿಂದಾಗಿ ತಾಯಂದಿರು ಕಟ್ಟಿಕೊಟ್ಟ ಬುತ್ತಿಯನ್ನು ಮಕ್ಕಳು ಬಸ್ಸಿನ ನೆರಳಿನಲ್ಲಿ ಪಾರ್ಕಿಂಗ್ ಜಾಗದ ನೆಲದ ಮೇಲೆ ಕುಳಿತು ತಿಂದರು. ಕೊಳದ ಹತ್ತಿರ ತಿಂಡಿ ಬೇಡ ಎನ್ನುವುದು ಒಪ್ಪತಕ್ಕ ಮಾತು. ಬಾಗಿಲ ಹೊರಗಾದರೂ ಒಂದು ಮಾಡು, ನಾಲ್ಕು ಬೆಂಚು, ಕೈ ತೊಳೆಯಲು ನಲ್ಲಿ ಇಡುವುದು ತಮ್ಮಂಥವರಿಗೆ ದೊಡ್ಡ ಖರ್ಚೇನಲ್ಲ.

ಸರ್ಕಾರದ ಪಾಲೂ ಇದರಲ್ಲಿದೆ. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಯಾದಾಗ ಥೀಮ್ ಪಾರ್ಕ್ ಟಿಕೆಟ್ಟಿನ ಮೇಲೆ ಶೇಕಡಾ 28ರಷ್ಟು ತೆರಿಗೆ ಹಾಕಲಾಗಿತ್ತು. ಉದ್ಯಮದವರು ಮನವಿ ಸಲ್ಲಿಸಿದ ಮೇಲೆ 2018ರ ಜನವರಿಯಲ್ಲಿ ಅದನ್ನು ಶೇಕಡಾ 18ಕ್ಕೆ ಇಳಿಸಲಾಯಿತು. ಮೃಗಾಲಯಕ್ಕೆ, ವಸ್ತುಸಂಗ್ರಹಾಲಯಕ್ಕೆ, ರಾಷ್ಟ್ರೀಯ ಉದ್ಯಾನಕ್ಕೆ ಪ್ರವೇಶ ಪಡೆಯುವಾಗ ಈ ತೆರಿಗೆ ಇಲ್ಲ. ಬೆಳಿಗ್ಗೆ ಮೈಸೂರು ಮೃಗಾಲಯ ನೋಡಿ ಮಧ್ಯಾಹ್ನ ಪಾರ್ಕಿಗೆ ಹೋಗುವ ಸರ್ಕಾರಿ ಶಾಲೆಯ ಮಗುವಿಗೆ ಮೊದಲನೆಯದು ತೆರಿಗೆಯಿಲ್ಲದ ವಿದ್ಯಾಭ್ಯಾಸ, ಎರಡನೆಯದು ತೆರಿಗೆ ಸಹಿತ ಮೋಜು. ಮೋಜಿಗೆ ತೆರಿಗೆ ಬೇಡವೆಂದು ನಾನು ವಾದಿಸುವುದಿಲ್ಲ. ಇಲಾಖೆಯ ಅನುಮತಿ ಪಡೆದ ಶೈಕ್ಷಣಿಕ ಪ್ರವಾಸದ ಟಿಕೆಟ್ಟಿಗಾದರೂ ವಿನಾಯಿತಿ ಕೊಡುವ ವಿಚಾರವನ್ನು ರಾಜ್ಯ ಸರ್ಕಾರ ಜಿಎಸ್‌ಟಿ ಮಂಡಳಿಯ ಮುಂದೆ ಇಡಬಹುದು. ಜೊತೆಗೆ ನಮ್ಮ ಜಿಲ್ಲೆಯೊಳಗಿನ ಸ್ಥಳಗಳನ್ನೂ ಒಮ್ಮೆ ನೋಡಬೇಕು. ಪಾರ್ಕಿನವರನ್ನು ಕೇಳುವ ಮೊದಲು ದುಬಾರೆ, ನಿಸರ್ಗಧಾಮ, ರಾಜಾಸೀಟ್‌ಗಳಲ್ಲಿ ಕೊಡಗಿನ ಸರ್ಕಾರಿ ಶಾಲಾ ಮಕ್ಕಳಿಗೆ ಯಾವ ದಿನ, ಯಾವ ಪತ್ರಕ್ಕೆ, ಎಷ್ಟು ದರ ಎಂಬುದನ್ನು ಒಂದೇ ಹಾಳೆಯಲ್ಲಿ ಅಚ್ಚುಹಾಕಿಸಿ ಎಲ್ಲ ಶಾಲೆಗಳಿಗೆ ಕಳುಹಿಸಿದರೆ ಸರ್ಕಾರವೂ ಮೇಲ್ಪಂಕ್ತಿ ಹಾಕಿದಂತಾಗುತ್ತದೆ. ಊರಿನ ರಸ್ತೆಯಲ್ಲಿ ವಾರಾಂತ್ಯದ ವಾಹನಗಳ ಸಾಲನ್ನು ಸಹಿಸಿಕೊಳ್ಳುವವರು ಈ ಮಕ್ಕಳು ಮತ್ತು ಅವರ ಹೆತ್ತವರೇ ತಾನೇ.

ಇನ್ನು ನಮ್ಮ ಕೋರಿಕೆಗಳು. ಗುಂಪಿನ ರಿಯಾಯಿತಿಗೆ ಶಾಲೆಯನ್ನು ಲೆಕ್ಕಕ್ಕೆ ಹಿಡಿಯುವ ಬದಲು ಬಸ್ಸನ್ನು ಹಿಡಿಯಿರಿ. ಒಂದೇ ಬಸ್ಸಿನಲ್ಲಿ ಬಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳೆಲ್ಲ ಒಂದೇ ಗುಂಪೆಂದು ಒಪ್ಪಿಕೊಳ್ಳಿ. ಇದಕ್ಕೆ ಹೊಸ ವ್ಯವಸ್ಥೆಯನ್ನೂ ಕಟ್ಟಬೇಕಾಗಿಲ್ಲ. ಶಿಕ್ಷಣ ಇಲಾಖೆಯಲ್ಲಿ ಅಕ್ಕಪಕ್ಕದ ಶಾಲೆಗಳನ್ನು ಸೇರಿಸಿದ ಕ್ಲಸ್ಟರ್ ಈಗಾಗಲೇ ಇದೆ, ಅದಕ್ಕೊಬ್ಬ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇದ್ದಾರೆ. ಅವರ ಒಂದು ಪತ್ರವನ್ನು ಸಂಸ್ಥೆಯ ಪತ್ರವೆಂದು ಮಾನ್ಯ ಮಾಡಿದರೆ ನಮ್ಮ ತೊಂದರೆಯ ಅರ್ಧ ಅಲ್ಲಿಗೇ ತೀರುತ್ತದೆ. ಎರಡನೆಯದಾಗಿ, ನವೆಂಬರ್ ಒಂದರಿಂದ ಡಿಸೆಂಬರ್ ಮುಗಿಯುವ ತನಕ ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜೆಗಳನ್ನು ಬಿಟ್ಟು ಉಳಿದ ದಿನಗಳಿಗೆ ಸರ್ಕಾರಿ ಶಾಲೆಗಳಿಗೆಂದು ಒಂದೇ ದರವನ್ನು ನಿಗದಿ ಮಾಡಿ, ಅದನ್ನು ಫೋನಿನ ಮಾತಾಗಿ ಬಿಡದೆ ಬರಹದಲ್ಲಿ ಕೊಡಿ. ಡಿಸೆಂಬರಿನ ಕೊನೆಯ ವಾರ ತಮಗೆ ಕಷ್ಟವಾದರೆ ಅದನ್ನು ಮೊದಲೇ ತಿಳಿಸಿ. ಶಿಕ್ಷಣ ಇಲಾಖೆಯೂ ಕೊಡಗಿನಂಥ ಮಳೆ ಜಿಲ್ಲೆಗಳಿಗೆ ಪ್ರವಾಸದ ಗಡುವನ್ನು ಜನವರಿ ಮೂರನೆಯ ವಾರದ ತನಕ ಸಡಿಲಿಸಲು ಯೋಚಿಸಲಿ. ಮಳೆಯಿಂದಾಗಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನದ ಟಿಕೆಟ್ಟನ್ನು, ಆ ಆದೇಶದ ಪ್ರತಿ ತೋರಿಸಿದರೆ, ಅದೇ ದರದಲ್ಲಿ ಬೇರೆ ದಿನಕ್ಕೆ ಬದಲಿಸಿಕೊಡಬೇಕು. ಶಾಲಾ ಗುಂಪಿನಲ್ಲಿ ಬಂದ ಮಗುವಿಗೆ ಎತ್ತರ ನೋಡದೆ ತರಗತಿ ನೋಡಿ ಟಿಕೆಟ್ ಕೊಡಬೇಕು.

ಕುಟುಂಬಗಳ ವಿಷಯದಲ್ಲಿ ಇನ್ನೂ ಸರಳವಾದದ್ದನ್ನು ಕೇಳುತ್ತೇವೆ. ಏಪ್ರಿಲ್ ಮತ್ತು ಮೇ ತಿಂಗಳ ಸೋಮವಾರದಿಂದ ಶುಕ್ರವಾರದ ವರೆಗೆ, ಮಕ್ಕಳ ಶಾಲಾ ದೃಢೀಕರಣ ತೋರಿಸಿದ ಕುಟುಂಬಕ್ಕೆ ಕೌಂಟರಿನಲ್ಲೇ, ನಗದಿಗೂ ಯುಪಿಐಗೂ, ಮುಂಗಡ ಕಾಯ್ದಿರಿಸುವಿಕೆ ಇಲ್ಲದೆ ರಿಯಾಯಿತಿ ಕೊಡುವ ಪ್ರಯೋಗವನ್ನು ಒಂದು ವರ್ಷ ಮಾಡಿ ನೋಡಿ. ಬೇಸಿಗೆ ತಮ್ಮ ಸೀಸನ್ ಎಂಬುದು ಗೊತ್ತು. ಬೇಸಿಗೆಯಲ್ಲೂ ವಾರದ ನಡುವಿನ ದಿನಗಳೆಲ್ಲ ಭಾನುವಾರದಂತೆ ತುಂಬಿರುತ್ತವೆಯೇ ಎಂಬುದು ತಮ್ಮ ಟಿಕೆಟ್ ಯಂತ್ರಕ್ಕೆ ಗೊತ್ತಿರುತ್ತದೆ. ತುಂಬಿರುವುದು ನಿಜವಾದರೆ ಈ ಕೋರಿಕೆಯನ್ನು ಬದಿಗಿಡಿ, ಮಳೆಗಾಲದಲ್ಲಿ ಕೊಡಿ. ಸಂತೆಯ ದಿನ ಮಳೆ ಬಿಟ್ಟರೆ ನಾಲ್ಕು ಜನ ಜೀಪು ಮಾಡಿಕೊಂಡು ಬಂದಾರು.

ಇದರ ದುರುಪಯೋಗವಾಗುತ್ತದೆ, ಏಜೆಂಟರು ಸುಳ್ಳು ಪತ್ರ ತಂದು ಜನರನ್ನು ತುಂಬುತ್ತಾರೆ ಎಂಬ ಆಕ್ಷೇಪ ಬರಬಹುದು. ಸರ್ಕಾರಿ ಶಾಲೆಗೆಲ್ಲ ಯುಡೈಸ್ ಎಂಬ ಹನ್ನೊಂದು ಅಂಕಿಯ ಗುರುತಿನ ಸಂಖ್ಯೆ ಇದೆ. ಪತ್ರದಲ್ಲಿ ಅದನ್ನು ಬರೆಯಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಪ್ರವಾಸ ಅನುಮತಿ ಆದೇಶದ ಪ್ರತಿಯನ್ನು ಜೊತೆಗೆ ಕೇಳಿ. ಅನುಮತಿಯಿಲ್ಲದೆ ಯಾವ ಸರ್ಕಾರಿ ಶಾಲೆಯೂ ಹೊರಡುವ ಹಾಗಿಲ್ಲ. ಕ್ರೆಡಿಟ್ ಕಾರ್ಡ್ ರಿಯಾಯಿತಿಯಲ್ಲಿ ಗೆಳೆಯನ ಕಾರ್ಡ್ ತಂದು ಉಜ್ಜುವವರನ್ನು ತಡೆಯುವುದಕ್ಕಿಂತ ಇದು ಸುಲಭ.

ನಮ್ಮ ತಾಲ್ಲೂಕಿನಲ್ಲಿ ಪ್ರವಾಸದ ಸಿದ್ಧತೆ ಅಕ್ಟೋಬರಿನಲ್ಲಿ ಶುರುವಾಗುತ್ತದೆ. ತಮ್ಮ ದರಪಟ್ಟಿಯನ್ನು ಷರತ್ತುಗಳ ಸಹಿತ, ಕನ್ನಡದಲ್ಲಿ, ಸೆಪ್ಟೆಂಬರ್ ಮುಗಿಯುವುದರೊಳಗೆ ಕೊಡಗಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಳಿಗೆ ಕಳುಹಿಸಿಕೊಡಬೇಕೆಂದು ಕೋರುತ್ತೇನೆ. ಅಲ್ಲಿಂದ ಅದು ಕ್ಲಸ್ಟರ್‌ಗಳ ಮೂಲಕ ಪ್ರತಿ ಶಾಲೆಗೂ ತಲುಪುವಂತೆ ನೋಡಿಕೊಳ್ಳುವ ಹೊಣೆಯನ್ನು ಎಸ್‌ಡಿಎಂಸಿಯವರಾದ ನಾವು ಹೊರುತ್ತೇವೆ. ಒಪ್ಪಲಾಗದ ಕೋರಿಕೆಗಳಿದ್ದರೆ ಯಾವುದು, ಏಕೆ ಎಂಬುದನ್ನೂ ಅದೇ ಪತ್ರದಲ್ಲಿ ತಿಳಿಸಿದರೆ ಪೋಷಕರ ಸಭೆಯಲ್ಲಿ ಓದಿ ಹೇಳಲು ನಮಗೆ ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ ಅಧ್ಯಕ್ಷ,
ಸೋಮವಾರಪೇಟೆ ತಾಲ್ಲೂಕು, ಕೊಡಗು ಜಿಲ್ಲೆ